ಡಿಕ್ಕಿಯಲ್ಲೇ ಉಳಿದ ಗಡ್ಡೆಯ ಚೂರು

ಅಕ್ಕನ ಕೆನ್ನೆಯಿಂದ ತೆಗೆದ ಗಡ್ಡೆಯ ಚೂರನ್ನು ನಾನು ಲ್ಯಾಬಿಗೆ ಕೊಡಲಿಲ್ಲ. ಕೊಟ್ಟೆ ಎಂದು ಅವಳಿಗೆ ಸುಳ್ಳು ಹೇಳಿದೆ. ಏಳನೇ ಕ್ಲಾಸು ಓದಿದವಳಿಗೆ ಪಾಪ ಏನು ತಿಳಿಯುತ್ತದೆ ಎಂದು ಯಾರಾದರೂ ನನ್ನ ಮೇಲೆ ಕನಿಕರಪಟ್ಟರೆ ಮೈ ಉರಿಯುತ್ತದೆ. ನನಗೆ ತಿಳಿದಿತ್ತು.

ಕಿವಿಯ ಕೆಳಗೆ, ಜೊಲ್ಲಿನ ಗ್ರಂಥಿಯಲ್ಲಿ ಕ್ಯಾನ್ಸರ್. ಆಪರೇಷನ್ ಆದಮೇಲೆ ಡಾಕ್ಟರು ಆ ಚೂರನ್ನು ಮೇಣದಲ್ಲಿ ಹುದುಗಿಸಿದ ಸಣ್ಣ ಬಿಲ್ಲೆಯೊಂದನ್ನು ನನ್ನ ಕೈಗೆ ಕೊಟ್ಟರು.

"ರಾಜಾಜಿನಗರದ ಲ್ಯಾಬಿಗೆ ಕೊಟ್ಬಿಡಿ ಅಮ್ಮ. ಈ ಚೂರಲ್ಲಿ ಕೆಲವು ಪ್ರೋಟೀನ್ ಇದೆಯಾ ಅಂತ ನೋಡ್ತಾರೆ. ಕಾಯಿಲೆ ಎಷ್ಟು ಜೋರು, ವಾಪಸ್ ಬರಬಹುದಾ, ಯಾವ ಔಷಧಿ ಹಿಡಿಯುತ್ತೆ, ಅಂದಾಜು ಸಿಗುತ್ತೆ."

ಕತ್ತರಿಸಿದ ಮಾಂಸ ಮನೆಯೊಳಗೆ ಬೇಡ, ಮೈಲಿಗೆ ಎಂದು ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. ಸುಂಕದಕಟ್ಟೆಯ ಗಾರ್ಮೆಂಟ್ಸಿಗೆ ದಿನಾ ಅದೇ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ, ಅಕ್ಕನ ಚೂರಿನ ಮೇಲೆ ಕೂತು! ಮೈಲಿಗೆ ಬರೀ ನೆಪ. ಕೆಟ್ಟ ಸುದ್ದಿ ಬಂದರೆ ಅವಳಿಗೆ ಹೇಳಬೇಕಾದವಳು ನಾನೇ. ಆ ಹೆದರಿಕೆ. ಥೂ, ನನ್ನ ಜನ್ಮಕ್ಕೆ.

ಬಾಪೂಜಿ ನಗರದ ಮನೆಯಲ್ಲಿ ಅಕ್ಕ ಕಾಯುತ್ತಿದ್ದಳು. ಆಪರೇಷನ್ನಿನಿಂದ ಬಾಯಿ ಒಂದು ಕಡೆ ಸೊಟ್ಟಗಾಗಿ ಕಾಫಿ ಸೋರುತ್ತಿತ್ತು. ಸೆರಗಿನಲ್ಲಿ ಒರೆಸಿಕೊಂಡು ಬೈಯುತ್ತಿದ್ದಳು.

"ಇನ್ನೂ ಬಂದಿಲ್ವೇನೇ ರಿಪೋರ್ಟು? ನನ್ನ ಕೆನ್ನೆ ಇಟ್ಕೊಂಡು ಉಪ್ಪಿನಕಾಯಿ ಹಾಕ್ತಿದಾರಾ, ಹಾಳಾದೋರು!"

"ಲೇಟಾಗುತ್ತಂತೆ ಅಕ್ಕ" ಎಂದು ನಾನೂ ನಗುತ್ತಿದ್ದೆ. ಆ ನಗು ನೆನಪಾದರೆ ಕಪಾಳಕ್ಕೆ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಅವಳ ಕತ್ತಿನಲ್ಲಿ ಇನ್ನೊಂದು ಗಂಟು ಕೈಗೆ ಸಿಕ್ಕಿದಾಗ ಲ್ಯಾಬಿಗೆ ಓಡಿದೆ. ರಿಪೋರ್ಟು ಬಂತು. ಕಾಯಿಲೆ ಜೋರಿನದೇ. ಆದರೆ ಅವಳ ಗಡ್ಡೆಯಲ್ಲಿದ್ದ ಪ್ರೋಟೀನಿಗೆ ಹಿಡಿಯುವ ಇಂಜೆಕ್ಷನ್ ಇದೆಯಂತೆ.

"ಮೊದಲೇ ಕೊಟ್ಟಿದ್ರೆ ಈ ಗಂಟು ಬರ್ತಿರ್ಲಿಲ್ವಾ ಸಾರ್?" ಎಂದು ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಕೇಳಿದೆ.

"ಹೇಳಕ್ಕಾಗಲ್ಲಮ್ಮ. ಈ ಇಂಜೆಕ್ಷನ್ ಬಗ್ಗೆ ಮೊದಲೇ ಯೋಚನೆ ಮಾಡಬಹುದಿತ್ತು" ಎಂದರು, ಅಷ್ಟೆ. ನಾಲ್ಕು ಬೈದಿದ್ದರೆ ಆಗುತ್ತಿತ್ತು. ಆ ಮೆತ್ತಗಿನ ದನಿಯ ಮೇಲೂ ನನಗೆ ಸಿಟ್ಟು ಬಂತು.

ಮೊದಲ ಇಂಜೆಕ್ಷನ್ನಿನ ದಿನ ಅಕ್ಕನ ಕೈಗೆ ಸೂಜಿ ಚುಚ್ಚಿದ್ದರು. ಅವಳು ನರ್ಸಿನ ಮುಂದೆ ಮತ್ತೆ ಶುರುಮಾಡಿದಳು.

"ಆ ಲ್ಯಾಬಿನೋರ ಕೈ ಸೇದೋಗ! ಇಷ್ಟು ತಡ ಮಾಡಿದ್ರಲ್ಲ ಸಿಸ್ಟರ್, ಅವರಿಗೆ ಅಕ್ಕತಂಗೀರಿಲ್ವಾ?"

ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗಿಟ್ಟೆ.

"ಅವರನ್ನ ಬೈಬೇಡಕ್ಕ, ನನ್ನ ಬೈ. ಅದು ನನ್ನ ಗಾಡಿ ಡಿಕ್ಕಿಲೇ ಇತ್ತು. ನಾನು ಕೊಡ್ಲೇ ಇಲ್ಲ, ನಿಂಗೆ ಸುಳ್ಳು ಹೇಳ್ದೆ. ತಪ್ಪಾಯ್ತಕ್ಕ. ನಂದೇ ತಪ್ಪು."