ದವಡೆ ಒತ್ತಿ ನೋಡುವ ಇಬ್ರಾಹಿಂಸಾಬ

ಬಾದಾಮಿ ರೈಲು ನಿಲ್ದಾಣದ ಮುಂದೆ ಇನ್ನೂ ನಸುಕು. ಮೊದಲ ರೈಲಿಗೆ ಕಾದು ನಿಂತಿರುವ ಐದು ಟಾಂಗಾಗಳ ಕುದುರೆಗಳ ದವಡೆಯನ್ನು ಇಬ್ರಾಹಿಂಸಾಬ ಒಂದೊಂದಾಗಿ ಒತ್ತಿ ನೋಡುತ್ತಿದ್ದಾರೆ. ಯಾರೂ ಹೇಳಿದ ಕೆಲಸವಲ್ಲ. ಟಾಂಗಾ ಹೊಡೆಯುವ ಅಯೂಬನ ಬಿಳಿ ಕುದುರೆಯ ಮೇಲೆ ಅವರ ಕೈ ನಿಲ್ಲುತ್ತದೆ.

"ಬೂಸಾ ಎಷ್ಟ ಹಾಕ್ತಿಲೇ?"

"ದಿನಾ ಒಂದ ಬುಟ್ಟಿ, ಕಾಕಾ. ಮುಖಾ ಹೆಂಗ ತುಂಬೈತಿ ನೋಡ್ರಿ!"

"ತುಂಬಿದ್ದಲ್ಲಪಾ, ಬಾತಿದ್ದು. ಇವತ್ತ ದವಾಖಾನಿಗೆ ಹಿಡಕೊಂಡ ನಡಿ."

ಅಯೂಬ ನಗುತ್ತಾನೆ. ಮುದುಕನಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ಸ್ಟ್ಯಾಂಡಿನವರೆಲ್ಲ ನಗುವವರೇ. ನಗಲಿ ಬಿಡಿ. ಈ ಮನುಷ್ಯನ ಬೆರಳಿಗೆ ಆ ಬಾವಿನ ಗುರುತು ಹೇಗೆ ಸಿಕ್ಕಿತು ಎಂದು ಅವರ್ಯಾರೂ ಕೇಳಿಲ್ಲ.

ಇಬ್ರಾಹಿಂಸಾಬರಿಗೆ ಈಗ ಅರವತ್ತಾರು. ನಲವತ್ತು ವರ್ಷ ಟಾಂಗಾ ಹೊಡೆದವರು. ನಾಲ್ಕು ವರ್ಷದ ಹಿಂದೆ ಹೆಂಡತಿ ದಸ್ತಗೀರಬಿ ತೀರಿಕೊಂಡರು. ಮಕ್ಕಳಿಲ್ಲ. ಮನೆಯಲ್ಲಿ ಉಳಿದದ್ದು ಇವರು ಮತ್ತು ಹೀರಾ ಎಂಬ ಹೆಣ್ಣುಕುದುರೆ. ಹಿಟ್ಟಿನ ಗಿರಣಿಯಿಂದ ಗೋಧಿ ಬೂಸಾ ತಂದು, ಬೆಲ್ಲ ಕಲಸಿ, ದಿನಕ್ಕೆ ಮೂರು ಸಲ ಇಡುತ್ತಿದ್ದರು. ಹುಲ್ಲು ಹೆಸರಿಗಷ್ಟೇ.

"ಆಕಿ ತಿನ್ನೂದ ನೋಡ್ಕೊಂತ ಕುಂತ್ರ, ಮನ್ಯಾಗ ಯಾರೋ ಅದಾರ ಅನಸ್ತಿತ್ರಿ," ಎನ್ನುತ್ತಾರೆ. "ಅದಕ್ಕ ಹಾಕಿದ್ದ ಹಾಕಿದ್ದು."

ಹೀರಾಳ ಮುಖ ದುಂಡಗಾಯಿತು. ಭೇಷ್, ಕುದುರೆ ಮೈ ಹಿಡಿಯಿತು ಎಂದು ಕಂಡವರೆಲ್ಲ ಹೊಗಳಿದರು. ಇವರೂ ಹಿಗ್ಗಿದರು. ಆಮೇಲೆ ಅದು ಕುಂಟತೊಡಗಿತು. ಒಂದು ದಿನ ಇಳಿಜಾರಿನಲ್ಲಿ ಬಿದ್ದದ್ದು ಮತ್ತೆ ಏಳಲೇ ಇಲ್ಲ.

ಪಶುವೈದ್ಯ ಅನಿಲಕುಮಾರ ಅಂದು ಬಿಡಿಸಿ ಹೇಳಿದರಂತೆ: "ಬೂಸಾದಾಗ ಸುಣ್ಣದ ಅಂಶಕ್ಕಿಂತ ರಂಜಕ, ಅಂದ್ರ ಫಾಸ್ಫರಸ್, ಎಂಟ್ ಹತ್ತ ಪಟ್ಟ ಜಾಸ್ತಿ ಇರ್ತೈತ್ರಿ. ಅದು ಹೊಟ್ಟ್ಯಾಗಿನ ಸುಣ್ಣ ಮೈಗೆ ಹತ್ತಗೊಡಂಗಿಲ್ಲ. ಆಗ ಮೈ ತನ್ನ ಎಲುಬಿನ್ಯಾಗಿನ ಸುಣ್ಣನ ತಕ್ಕೊಂತೈತಿ." ಸುಣ್ಣ ಹೋದ ಜಾಗದಲ್ಲಿ ನಾರು ತುಂಬಿ ಮುಖ ಉಬ್ಬಿತ್ತು. ಜನ ಹೊಗಳಿದ್ದು ರೋಗವನ್ನು!

"ನನ್ನ ಕೈಯಾರೆ ಕೊಂದ್ನಿ," ಎಂದು ಇಬ್ರಾಹಿಂಸಾಬ ಇವತ್ತಿಗೂ ಹೇಳುತ್ತಾರೆ.

ಉಳಿದದ್ದು ಹೀರಾಳ ಮರಿ ಲಾಲಿ, ಆಗ ಎಂಟು ತಿಂಗಳದ್ದು. ಅದೂ ಅದೇ ಬುಟ್ಟಿಗೆ ಬಾಯಿ ಹಾಕಿತ್ತು, ಮುಂಗಾಲು ಸೊಟ್ಟಗಾಗಿತ್ತು. ಬೆಳೆಯುವ ಎಲುಬು, ನೆಟ್ಟಗಾದರೂ ಆದೀತು, ಇಲ್ಲದಿದ್ದರೆ ತಾಯಿಯಂತೆಯೇ ಬಿದ್ದೀತು ಎಂದಿದ್ದರು ಡಾಕ್ಟರು. ಅಂದಿನಿಂದ ಬೂಸಾ ಮನೆಯೊಳಗೆ ಬಂದಿಲ್ಲ. ದಿನಾ ಬೆಳಿಗ್ಗೆ ಮೂರು ಕಿಲೋಮೀಟರು ನಡೆದು, ಗುರುಲಿಂಗವ್ವ ಎಂಬಾಕೆಯ ಹೊಲದಿಂದ ಕುದುರೆಮಸಾಲೆ ಎಂಬ ಮೇವಿನ ಸೊಪ್ಪು ಹೊತ್ತು ತರುತ್ತಾರೆ. ಅದರಲ್ಲಿ ಸುಣ್ಣದಂಶ ಹೇರಳ. ರಂಜಕ ಒಂದು ಪಾಲಿದ್ದರೆ ಸುಣ್ಣ ಒಂದೂವರೆ ಪಾಲು ಇರಲಿ ಎಂದು ಡಾಕ್ಟರು ಅಳೆದು ಕೊಟ್ಟ ಪುಡಿಯನ್ನೂ ಕಲಸುತ್ತಾರೆ. ಸಂಜೆ ಎರಡು ರೊಟ್ಟಿ ತಟ್ಟಿಕೊಂಡು, ಲಾಲಿಯ ಎದುರೇ ಕುಳಿತು ಉಣ್ಣುತ್ತಾರೆ.

ಇವತ್ತು ಲಾಲಿಗೆ ಕೊನೆಯ ತಪಾಸಣೆ. ದವಾಖಾನೆ ಅಂಗಳದಲ್ಲಿ ಅನಿಲಕುಮಾರ ಅದರ ಕಾಲು ಸವರಿ, ನಡೆಸಿ, ಓಡಿಸಿ ನೋಡುತ್ತಾರೆ. ಇಬ್ರಾಹಿಂಸಾಬ ಹಗ್ಗ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾರೆ.

"ನೆಟ್ಟಗ ಆಗೇತ್ರಿ ಸಾಹೇಬ್ರ. ಎಲುಬು ಗಟ್ಟಿ ಅದಾವು."

ಮುದುಕ ಟೋಪಿ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. "ಈ ಸುದ್ದಿ ಹೇಳಾಕ ಮನ್ಯಾಗ ನಮ್ಮಾಕಿ ಇರಬೇಕಿತ್ತು," ಎಂದಷ್ಟೇ ಹೇಳಿ ಹೊರಡುತ್ತಾರೆ.

ಗೇಟಿನಲ್ಲಿ ಅಯೂಬ ನಿಂತಿದ್ದಾನೆ, ಬಿಳಿ ಕುದುರೆ ಹಿಡಿದುಕೊಂಡು. ಹೇಳಿದ ಮಾತು ಕೇಳಿ ಬಂದದ್ದಕ್ಕೆ ಅವನಿಗೇ ನಾಚಿಕೆ. ಅದನ್ನು ಮುಚ್ಚಿಕೊಳ್ಳಲು ಲಾಲಿಯನ್ನು ನೋಡಿ ಚೇಷ್ಟೆ ಮಾಡುತ್ತಾನೆ: "ಕಾಕಾ, ನಿಮ್ಮ ಲಾಲಿ ಮುಖಾ ಭಾಳ ಸಣ್ಣಗ ಐತಲ್ರಿ!"

ಇಬ್ರಾಹಿಂಸಾಬ ಲಾಲಿಯ ದವಡೆಯನ್ನೊಮ್ಮೆ ಒತ್ತಿ ನೋಡುತ್ತಾರೆ.

"ಹೌದಪಾ. ಅದನ್ನ ಅಷ್ಟ ಸಣ್ಣಗ ಇಡಾಕ ನನಗ ಎರಡ ವರ್ಷದ ಮ್ಯಾಲ ಹಿಡದೈತಿ."