ಬೋರ್ಚಾ ಇಸ್ತ್ರಿ ಮಾಡಿದ ರೆಕ್ಕೆ

ರಾಕೋಶ್ ಮೈದಾನದ ಸುತ್ತ ಬೋರ್ಚಾಳಷ್ಟು ಬೆಳ್ಳಗೆ ಬಟ್ಟೆ ಒಗೆಯುವವರು ಇರಲಿಲ್ಲ, ಅವಳಷ್ಟು ಬಾಯಿ ಇದ್ದವರೂ ಇರಲಿಲ್ಲ. ಅವಳು ಗಂಜಿ ಹಾಕಿದ ಕಾಲರು ತೊಟ್ಟ ದಂಡಿನ ಸಾಹೇಬರು ಸಂಜೆವರೆಗೆ ಕತ್ತು ತಿರುಗಿಸುವ ಹಾಗಿರಲಿಲ್ಲ. ಅಂಥವಳಿಗೆ ಗಂಡನಾಗಿ ಗಂಟುಬಿದ್ದವನು ಗಾಡಿ ಮಾಡುವ ಬಡಗಿ ವೆಂಡೆಲ್. ಮಾತು ಕಡಿಮೆ, ಹುಚ್ಚು ಜಾಸ್ತಿ. ಫ್ರಾನ್ಸಿನವರು ಹಾರಿದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ್ದೇ ತಡ, ಗಾಡಿ ಬಿಟ್ಟು ವಿಮಾನಕ್ಕೆ ಕೈ ಹಾಕಿದ. ಮೈದಾನದಲ್ಲಿ ಆಗ ಅಂಥ ಹುಚ್ಚರು ಹತ್ತಾರು ಮಂದಿ. ಒಬ್ಬೊಬ್ಬರಿಗೂ ಒಂದೊಂದು ಮರದ ಶೆಡ್ಡು.

ಎರಡು ಬೇಸಿಗೆ ಕಳೆದರೂ ವೆಂಡೆಲನ ವಿಮಾನ ನೆಲ ಬಿಡಲಿಲ್ಲ. ಈ ಭಾನುವಾರ ಹಾರದಿದ್ದರೆ ಶೆಡ್ಡು ಬೇರೆಯವರಿಗೆ ಎಂದು ಮೈದಾನ ನೋಡಿಕೊಳ್ಳುವ ಕಮಿಟಿಯವರು ಹೇಳಿಬಿಟ್ಟರು. ಶೆಡ್ಡು ಹೋದರೆ ವಿಮಾನವನ್ನೇನು ಮಂಚದ ಕೆಳಗೆ ಇಟ್ಟುಕೊಳ್ಳಲಾಗುತ್ತದೆಯೇ? ಆಸೆ ಅಲ್ಲಿಗೇ ಮುಗಿದಂತೆ.

ರೆಕ್ಕೆಯ ಬಟ್ಟೆ ಬಿಗಿಯಾಗಿರಲೆಂದು ಎಲ್ಲರೂ ಅದಕ್ಕೆ ಗಂಜಿ ಬಳಿಯುತ್ತಿದ್ದರು. "ಗಂಜಿ ನನ್ ಕೆಲಸ, ನೀನ್ ದೂರ ನಿಲ್ಲು" ಎಂದು ಬೋರ್ಚಾ ಶನಿವಾರ ಎರಡೂ ರೆಕ್ಕೆಗಳನ್ನು ಬಿಚ್ಚಿಸಿ ತಾನೇ ಬಳಿದು, ಹೊರಗೆ ಗಿಡ್ಡ ಮಣೆಗಳ ಮೇಲೆ ಒಣಗಲು ಇಟ್ಟಳು. ಇಸ್ತ್ರಿಪೆಟ್ಟಿಗೆ ಅಂಟದಿರಲೆಂದು ಕಾಲರಿನ ಗಂಜಿಗೆ ಉಪ್ಪು ಹಾಕುವುದು ಬಟ್ಟೆ ಒಗೆಯುವವರ ಪದ್ಧತಿ. ಅವಳ ಕೈ ರೂಢಿಯಂತೆ ಇದಕ್ಕೂ ಹಿಡಿ ಉಪ್ಪು ಹಾಕಿತ್ತು.

ಬೆಳಿಗ್ಗೆ ಎದ್ದು ನೋಡಿದರೆ, ಇಗ್ನಾಟ್ಸ್ ತಾತನ ಕುರಿಮಂದೆ ರೆಕ್ಕೆಗಳ ಸುತ್ತ ಮದುವೆ ಪಂಕ್ತಿಯಂತೆ ನಿಂತಿತ್ತು. ಉಪ್ಪಿನ ರುಚಿ ಹತ್ತಿ ಕುರಿಗಳು ನೆಕ್ಕಿ ನೆಕ್ಕಿ, ಬಟ್ಟೆ ತೊಯ್ದು ಜೋತುಬಿದ್ದಿತ್ತು.

"ತಾತಾ! ನಿನ್ ಕುರಿ ನನ್ ಗಂಡನ ರೆಕ್ಕೆ ತಿಂದ್ಹಾಕಿದ್ವಲ್ಲಾ!"

"ತಿಂದಿಲ್ಲ ಕಣವ್ವಾ, ನೆಕ್ಕಿವೆ ಅಷ್ಟೇ. ಅದಕ್ಕೆ ಉಪ್ಪು ಹಾಕಿದ್ಯಾರು?"

ಬೋರ್ಚಾ ಉಪ್ಪು ಹಾಕಿದ ತನ್ನ ಕೈಯನ್ನೇ ನೋಡಿಕೊಂಡಳು. ವೆಂಡೆಲ್ ಹುಲ್ಲಿನ ಮೇಲೆ ಕುಸಿದು ಕೂತ. "ಹೋಗ್ಲಿ ಬಿಡೇ, ಹಾರೋ ಯೋಗ ನಂಗಿಲ್ಲ" ಎಂದ. ಅವನು ಬೈದಿದ್ದರೂ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಯೋಗ ಗೀಗ ಅಂತ ಕೂತ್ರೆ ಒದ್ದುಬಿಡ್ತೀನಿ. ಏಳು, ಒಲೆ ಹೊತ್ಸು!"

ಬೀದಿಯ ಹೆಂಗಸರೆಲ್ಲ ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ಬಂದರು. ಈ ಸಲ ಉಪ್ಪಿಲ್ಲದ ಗಂಜಿ. ಅಂಟದಿರಲೆಂದು ಪೆಟ್ಟಿಗೆಯ ತಳಕ್ಕೆ ಮೇಣದಬತ್ತಿ ಉಜ್ಜಿದರು. ಒಬ್ಬಳು ರೆಕ್ಕೆಯ ಕೆಳಗಿಂದ ಹಲಗೆ ಒತ್ತಿ ಹಿಡಿದರೆ ಇನ್ನೊಬ್ಬಳು ಮೇಲಿಂದ ಇಸ್ತ್ರಿ ಎಳೆಯುವುದು. ಚರ್ಚು ಮುಗಿಸಿ ಬಂದ ಜನ ನಕ್ಕಿದ್ದೇ ನಕ್ಕಿದ್ದು.

"ಬೋರ್ಚಕ್ಕಾ, ನನ್ ಪ್ಯಾಂಟಿಗೂ ಒಂದ್ಸಲ ಎಳೀರಿ!"

"ಬಿಚ್ಕೊಡೋ, ಇಲ್ಲೇ ಎಲ್ರ ಮುಂದೆ ಬಿಚ್ಚು!"

ಮಧ್ಯಾಹ್ನಕ್ಕೆ ರೆಕ್ಕೆ ತಟ್ಟಿದರೆ ತಮಟೆಯಂತೆ ಸದ್ದು ಬಂತು. ವೆಂಡೆಲ್ ಅವನ್ನು ವಿಮಾನಕ್ಕೆ ಬಿಗಿದು ಸೀಟಿಗೆ ಹತ್ತಿದ. ಕಮಿಟಿಯ ಸಾಹೇಬರ ಎದುರು ಎಂಜಿನ್ ಕೆಮ್ಮಿ ಗುಡುಗಿತು, ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿತು. "ಏಳು ಮಾರಾಯಾ, ನಿನ್ ದಮ್ಮಯ್ಯ, ಏಳು!" ಎಂದು ಬೋರ್ಚಾ ಹಿಂದೆಯೇ ಓಡಿದಳು. ಚಕ್ರದ ಕೆಳಗೆ ಬೆಳಕು ಕಂಡಿತು. ಎದ್ದಿತು, ಅಬ್ಬಾ, ಎದ್ದೇಬಿಟ್ಟಿತು! ಆಚೆ ಸಾಲುಮರಗಳ ತನಕ ಹಾರಿ ದೊಪ್ಪನೆ ಇಳಿಯಿತು.

"ಶೆಡ್ಡು ನಿಮ್ದೇ ಕಣಮ್ಮಾ!" ಎಂದು ಸಾಹೇಬರು ಟೋಪಿ ಎಸೆದು ಕೂಗಿದರು. ಅವಳು ನಿಲ್ಲಲಿಲ್ಲ. ಓಡಿಹೋಗಿ ಗಂಡನ ಕೊರಳಿಗೆ ಬಿದ್ದು ಅತ್ತಳು, ನಕ್ಕಳು.

"ಮೇಲಿಂದ ಎಲ್ಲಾ ಹೇಗ್ ಕಾಣ್ತು, ಹೇಳು?"

ವೆಂಡೆಲನ ಕಿವಿ ಕೆಂಪಗಾಯಿತು. "ಹೆದರ್ಕೊಂಡು ಕಣ್ ಮುಚ್ಚಿಬಿಟ್ಟಿದ್ದೆ ಕಣೇ."

"ಅಯ್ಯೋ ನಿನ್ನ! ಹತ್ತು, ಮತ್ತೆ ಹತ್ತು!" ಎಂದು ಬೋರ್ಚಾ ಅವನನ್ನು ಸೀಟಿಗೆ ನೂಕಿ, ಎಂಜಿನ್ ಶುರು ಮಾಡಲು ವಿಮಾನದ ಮೂತಿಯ ಪಂಖವನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ತಿರುವಿದಳು.