ಟೊಲೆಡೊದಲ್ಲಿ ಕಾಕ ಬೊಬ್ಬೆ ಹೊಡೆದದ್ದು

ಕಾಕನ ಎಡ ಎದೆಯ ಮೇಲೆ ಸದಾ ಒಂದು ಚೌಕದ ಉಬ್ಬು ಕಾಣುತ್ತಿತ್ತು. ಅಂಗಿಯ ಕಿಸೆಯಲ್ಲ, ಒಳಗಿನ ಬನಿಯನ್ನಿಗೆ ಹೊಲಿಸಿಕೊಂಡ ಕಿಸೆ. ಅಕ್ಕಿ ತೂಗುವಾಗಲೂ ಚಹಾ ಕುಡಿಯುವಾಗಲೂ ಬಲಗೈ ಆಗಾಗ ಅಲ್ಲಿಗೆ ಹೋಗಿ ಮುಟ್ಟಿ ನೋಡಿ ಬರುತ್ತಿತ್ತು. ಗಲ್ಫಿನ ಮುಸಫ್ಫಾದಲ್ಲಿ ನಮ್ಮ ವರ್ಕ್‌ಶಾಪಿನ ಎದುರಿನ ಗ್ರೋಸರಿ ಅವರದು. ಎದೆಯ ಮೇಲಿನ ಆ ಉಬ್ಬು ದಿರ್ಹಮ್ ನೋಟುಗಳ ಕಟ್ಟೆಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಕಾಕ ನಗುತ್ತಿದ್ದರು.

ಕಾಕ ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮರು. ನನ್ನ ಹತ್ತಿರ ತುಳು, ಕನ್ನಡ ಎರಡೂ ನಡೆಯುತ್ತಿತ್ತು. ಯಾರು ಬಂದು ಏನು ಕೇಳಿದರೂ ಮೊದಲ ಉತ್ತರ ‘ಮಾಫಿ ಮುಶ್ಕಿಲ್’, ಏನೂ ತೊಂದರೆಯಿಲ್ಲ ಎಂದು. ಒಬ್ಬ ಗಿರಾಕಿ ಖುಬ್ಬೂಸ್ ಹಳಸಿದೆಯೆಂದು ರೊಟ್ಟಿಯ ಪೊಟ್ಟಣವನ್ನು ಕಾಕನ ಮೈಮೇಲೆಯೇ ಎಸೆದಿದ್ದ. ಕಾಕ ಫ್ರಿಜ್ಜಿನಿಂದ ಮಜ್ಜಿಗೆಯ ಬಾಟಲಿ ತೆಗೆದು ಅವನ ಕೈಗಿಟ್ಟರು. ಬೊಬ್ಬೆ ಹೊಡೆಯುವವನಿಗೆ ಬಾಯಾರಿಕೆ ಆಗಿರುತ್ತದೆ ಎಂಬುದು ಅವರ ಸಿದ್ಧಾಂತ. ಇಷ್ಟು ಮೆತ್ತಗಿನ ಮನುಷ್ಯ ಗಲ್ಫಿನಲ್ಲಿ ಹೇಗೆ ವ್ಯಾಪಾರ ಮಾಡಿ ಬದುಕಿದರೋ ಎಂದು ನನಗೆ ಒಮ್ಮೊಮ್ಮೆ ಸಿಟ್ಟೇ ಬರುತ್ತಿತ್ತು.

ದುಬೈಯಲ್ಲಿರುವ ಮಗ ತಂದೆತಾಯಿಗೆ ಸ್ಪೇನಿನ ಬಸ್ ಟೂರ್ ಬುಕ್ ಮಾಡಿದ. ಮಾತಿಗೆ ಜನ ಬೇಕೆಂದು ಕಾಕ ನನ್ನನ್ನೂ ನನ್ನ ಹೆಂಡತಿಯನ್ನೂ ಹೊರಡಿಸಿದರು. ವೀಸಾಕ್ಕೆ ಪಾಸ್‌ಪೋರ್ಟ್ ಕೊಟ್ಟಿದ್ದ ಅಷ್ಟೂ ದಿನ ಕಾಕ ಜ್ವರ ಬಂದವರ ಹಾಗಿದ್ದರು. ಉಪ್ಪು ಕೇಳಿದರೆ ಸಕ್ಕರೆ ಕೊಡುತ್ತಿದ್ದರು. ವಿಮಾನದ ಹೆದರಿಕೆ ಇರಬೇಕೆಂದು ನಾನು ಭಾವಿಸಿದ್ದೆ.

ಮ್ಯಾಡ್ರಿಡ್‌ನಲ್ಲಿ ಇಳಿದವರನ್ನು ಬಸ್ಸು ಸೀದಾ ಟೊಲೆಡೊಗೆ ಒಯ್ದಿತು. ಸುತ್ತ ನದಿ, ನಡುವೆ ಗುಡ್ಡ, ಗುಡ್ಡದ ತುಂಬ ಕಲ್ಲಿನ ಊರು. ಮುಸಫ್ಫಾದ ಸಪಾಟು ನೆಲದಲ್ಲಿ ಬದುಕಿದ ನಮ್ಮ ಮೊಣಕಾಲುಗಳು ಆ ಓಣಿಗಳನ್ನು ಹತ್ತುವಷ್ಟರಲ್ಲಿ ಶರಣಾದವು. ಅಂಗಡಿಗಳಲ್ಲಿ ಹಂದಿಯ ಇಡೀ ತೊಡೆಗಳನ್ನು ಸಾಲಾಗಿ ತೂಗುಹಾಕಿದ್ದು ಕಂಡು ಕಾಕ ಹೆಂಡತಿಯ ಕೈ ಹಿಡಿದು ಓಣಿಯ ಆಚೆ ಬದಿಗೆ ದಾಟಿದರು. ಹಳೆಯ ಕಾಲದ ಒಂದು ಪುಟ್ಟ ಮಸೀದಿಯ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ಅದರ ಇಟ್ಟಿಗೆ ಗೋಡೆಯ ಮೇಲೆ ಅರಬಿ ಅಕ್ಷರಗಳು. ನಮ್ಮ ಅಂಗಡಿಯ ಬೋರ್ಡಿಗಿಂತ ಚಂದ ಬರೆದಿದ್ದಾರೆ ಎಂದು ಮೆಚ್ಚಿಕೊಂಡರು.

ಮಧ್ಯಾಹ್ನ ಹೋಟೆಲಿಗೆ ಬಂದೆವು. ದುಬೈಯಿಂದಲೇ ಜೊತೆಗೆ ಬಂದಿದ್ದ ಟೂರ್ ಲೀಡರ್, ಮುಂಬೈಯ ಹುಡುಗಿ, ಎಲ್ಲರ ಪಾಸ್‌ಪೋರ್ಟ್ ಒಟ್ಟು ಮಾಡತೊಡಗಿದಳು. ರಿಜಿಸ್ಟರ್ ಮಾಡಿ ಸಂಜೆ ವಾಪಸ್ ಕೊಡುತ್ತಾರಂತೆ. ಕಾಕ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದರು. ಅವರಿಗೆ ಅರ್ಥವಾಗಿಲ್ಲವೆಂದು ಅವಳು ಹಿಂದಿಯಲ್ಲಿ ಮತ್ತೆ ವಿವರಿಸಿ ಕೈಚಾಚಿದಳು.

ಕಾಕ ನನ್ನತ್ತ ತಿರುಗಿ ಬೊಬ್ಬೆ ಹೊಡೆದರು. “ಇವಳಿಗೆ ಹೇಳು, ಇದು ಕೊಡ್ಲಿಕ್ಕಿಲ್ಲ. ಪೊಲೀಸ್ ಬಂದ್ರೂ ಕೊಡ್ಲಿಕ್ಕಿಲ್ಲ.”

ಆ ಗಂಟಲಿನಿಂದ ಅಂಥ ಸ್ವರ ಹೊರಡಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಹೋಟೆಲಿನ ಹಜಾರದಲ್ಲಿದ್ದವರೆಲ್ಲ ನಮ್ಮತ್ತ ತಿರುಗಿದರು. ಕಾಕನ ಕಣ್ಣಲ್ಲಿ ನೀರು. ಪಾಸ್‌ಪೋರ್ಟ್ ಇಲ್ಲದೆ ಕೋಣೆ ಕೊಡುವುದಿಲ್ಲ ಎಂದಳು ಹುಡುಗಿ. ಬಸ್ಸಿನಲ್ಲೇ ಮಲಗುತ್ತೇನೆ, ನಾಳೆ ವಿಮಾನ ಸಿಕ್ಕಿದರೆ ವಾಪಸ್ ಹೋಗುತ್ತೇನೆ ಎಂದರು ಕಾಕ. ನಾವು ಗೇಲಿ ಮಾಡುತ್ತಿದ್ದ ದಿರ್ಹಮಿನ ಕಟ್ಟು ಈ ಪಾಸ್‌ಪೋರ್ಟೇ ಎಂದು ನನಗೆ ಗೊತ್ತಾದದ್ದು ಆಗ.

ಕೌಂಟರಿನ ಹಿಂದಿದ್ದ ಕನ್ನಡಕದ ಮುದುಕ ಏನನ್ನು ಗ್ರಹಿಸಿದನೋ, ಕಾಕನನ್ನು ಒಳಗೆ ಕರೆದು ಕಾಪಿ ಯಂತ್ರದ ಮುಂದೆ ನಿಲ್ಲಿಸಿದ. ಕಾಕ ತಾವೇ ಪುಟ ಬಿಡಿಸಿ ಗಾಜಿನ ಮೇಲಿಟ್ಟರು, ಆದರೆ ಒಂದು ಮೂಲೆಯನ್ನು ಬಿಡಲಿಲ್ಲ. ಬಂದ ಕಾಪಿಯಲ್ಲಿ ಅವರ ಎರಡು ಬೆರಳುಗಳೂ ಅಚ್ಚಾಗಿದ್ದವು. ಮುದುಕ ಅದನ್ನೇ ಫೈಲಿಗೆ ಹಾಕಿಕೊಂಡು ಬೀಗದ ಕೈ ಕೊಟ್ಟ.

ಹೊರಗೆ ಮೆಟ್ಟಿಲ ಮೇಲೆ ಕೂತು ಕಾಕ ಹೇಳಿದರು.

“ಆಗ ನಾನು ಕಂಪೆನಿಯಲ್ಲಿದ್ದೆ ಮಾರಾಯ. ಪಾಸ್‌ಪೋರ್ಟು ಅವರ ಲಾಕರಿನಲ್ಲಿ. ಉಮ್ಮ ಸೀರಿಯಸ್ ಅಂತ ಊರಿಂದ ಫೋನ್ ಬಂತು. ಬೀಗದ ಕೈ ಇರುವವ ರಜೆಯಲ್ಲಿ, ನಾಡಿದ್ದು ಬಾ ಅಂದ್ರು. ನಾಡಿದ್ದಿಗೆ ಉಮ್ಮನನ್ನು ಮಣ್ಣು ಮಾಡಿ ಆಗಿತ್ತು.”

ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ತಾಯಿಯ ಮಣ್ಣಿಗೂ ಗಂಡ ಬಾರದ್ದು ರಜೆ ಸಿಗದ್ದಕ್ಕೆ ಎಂದಷ್ಟೇ ಆಕೆಗೂ ಗೊತ್ತಿದ್ದದ್ದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದವರಿಗೆ ಹೇಳದ್ದನ್ನು ಈ ಮನುಷ್ಯ ಎದೆಯ ಮೇಲೆ ಹೊತ್ತು ಅಕ್ಕಿ ತೂಗುತ್ತಿದ್ದರು.

ಮರುದಿನ ಬಸ್ಸು ಕೊರ್ಡೊಬಾದ ಕಡೆ ಹೊರಟಿತು. ಎರಡೂ ಬದಿಗೆ ಆಲಿವ್ ತೋಟಗಳು, ಎಲ್ಲರೂ ಫೋಟೊ ತೆಗೆಯುತ್ತಿದ್ದರು. ನನ್ನ ತಲೆಯಲ್ಲಿದ್ದದ್ದು ಬೇರೆಯೇ. ಕೆಲವು ವರ್ಷಗಳ ಹಿಂದೆ ನನ್ನ ಅಮ್ಮ ಉಡುಪಿಯ ಆಸ್ಪತ್ರೆಯಲ್ಲಿ ಕೊನೆಯ ಹಂತದಲ್ಲಿದ್ದಳು. ಅಂದು ಕಂಪೆನಿಗೆ ರಜೆ. ನನ್ನ ಪಾಸ್‌ಪೋರ್ಟ್ ಕಂಪೆನಿಯ ಕಪಾಟಿನಲ್ಲಿತ್ತು. ಕಾನೂನಿನಂತೆ ಹಾಗೆ ಇಟ್ಟುಕೊಳ್ಳುವಂತಿಲ್ಲ, ಆದರೂ ಇಟ್ಟುಕೊಳ್ಳುತ್ತಿದ್ದರು. ಮ್ಯಾನೇಜರ್ ಫೋನ್ ಎತ್ತುತ್ತಿರಲಿಲ್ಲ. ಗ್ರೋಸರಿಗೆ ಹೋಗಿ ಅತ್ತೆ. ಕಾಕ ಕೇಳಿದ್ದು ಒಂದೇ, ಬೀಗದ ಕೈ ಯಾರ ಹತ್ತಿರ ಉಂಟು ಎಂದು. ತುಂಬಿದ್ದ ಅಂಗಡಿಯಿಂದ ಗಿರಾಕಿಗಳನ್ನು ಹೊರಗೆ ಕಳಿಸಿ, ಶಟರ್ ಎಳೆದು, ತಮ್ಮ ಪಿಕಪ್ಪಿನಲ್ಲಿ ನನ್ನನ್ನು ದುಬೈಗೆ ಕರೆದೊಯ್ದರು. ಮ್ಯಾನೇಜರನ ಮನೆಯ ಬಾಗಿಲಲ್ಲಿ ನೆಲದ ಮೇಲೆಯೇ ಕೂತುಬಿಟ್ಟರು. ಅವನು ಸಾಕಾಗಿ ಬೀಗದ ಕೈ ತಂದು ಕೊಡುವ ತನಕ ಏಳಲಿಲ್ಲ. ಸಿಕ್ಕಿದ ವಿಮಾನ ಹತ್ತಿ ಊರು ತಲುಪಿದಾಗ ಅಮ್ಮ ನನ್ನ ಗುರುತು ಹಿಡಿದಳು. ನನ್ನ ಕೈಯಿಂದ ಎರಡು ಚಮಚ ಗಂಜಿತಿಳಿ ಕುಡಿದು ಹೋದಳು.

ಅಂದು ನಾನು ಅದನ್ನು ಕಾಕನ ದೊಡ್ಡ ಗುಣವೆಂದು ತಿಳಿದು ಸುಮ್ಮನಾಗಿದ್ದೆ. ಈಗ ಬಸ್ಸಿನಲ್ಲಿ ಅವರ ಪಕ್ಕ ಹೋಗಿ ಕೂತೆ. ಉಮ್ಮನ ವಿಷಯ ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಅದು ಹೇಳ್ತಾ ಕೂತಿದ್ರೆ ನಿನ್ನ ಫ್ಲೈಟ್ ತಪ್ತಿತ್ತು,” ಎಂದರು.

ಹೋದ ವರ್ಷ ಕಾಕ ಊರಿನಲ್ಲಿ ತೀರಿಕೊಂಡರು. ನಾನು ಈಗ ಬೇರೆ ಕಂಪೆನಿಯಲ್ಲಿದ್ದೇನೆ, ಪಾಸ್‌ಪೋರ್ಟ್ ನನ್ನಲ್ಲೇ ಇರುತ್ತದೆ. ಬೆಳಗಿನ ಜಾವ ಸುದ್ದಿ ಬಂತು. ಯಾರನ್ನೂ ಕೇಳದೆ ಹೊರಟು, ಸಂಜೆ ದಫನದ ಹೊತ್ತಿಗೆ ತಲುಪಿ, ಮೂರು ಹಿಡಿ ಮಣ್ಣು ಹಾಕಿದೆ.